ನಮ್ಮ ‘ನಾವು’ ಎಷ್ಟು ದೊಡ್ಡದು?

2022ರ ಆಗಸ್ಟ್. ಸ್ವಾತಂತ್ರ್ಯಕ್ಕೆ 75 ತುಂಬಿದ ಸಂಭ್ರಮ. ಮನೆಮನೆಯ ಮೇಲೆ ಧ್ವಜ ಹಾರಿಸುವ ತಯಾರಿ ನಡೆದಿತ್ತು. ನಾನಾಗ ದ್ವಿತೀಯ ಪಿಯುಸಿ. ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆಗೆ ಕಾಲೇಜಿನಿಂದ ನನ್ನ ಹೆಸರು ಕೊಟ್ಟಿದ್ದರು. ಹಳೆಯ ಪ್ರಬಂಧ ಪುಸ್ತಕದಿಂದ ಒಂದಿಷ್ಟು, ಮೊಬೈಲಿನಲ್ಲಿ ಸಿಕ್ಕ ಭಾಷಣಗಳಿಂದ ಒಂದಿಷ್ಟು ಸೇರಿಸಿ ನಾಲ್ಕು ಪುಟ ಬರೆದುಕೊಂಡಿದ್ದೆ. ಮಳೆಗೆ ಕರೆಂಟು ಹೋಗಿದ್ದ ಒಂದು ಸಂಜೆ ಜಗಲಿಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ.

ಕೇಳುವುದಕ್ಕೆ ಇಬ್ಬರಿದ್ದರು. ಒಬ್ಬರು ನನ್ನ ಅಜ್ಜಿ. ಇನ್ನೊಬ್ಬರು ಪಕ್ಕದ ಮನೆಯ ಬ್ಯಾರಿ ಅಜ್ಜಿ. ಇಬ್ಬರೂ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಎದುರುಬದುರು ಕೂತು ಬೀಡಿ ಕಟ್ಟುವುದು ನಾನು ಹುಟ್ಟುವ ಮೊದಲಿನಿಂದಲೂ ನಡೆದು ಬಂದದ್ದು. ಇಬ್ಬರ ನಡುವಿನ ಮಾತೆಲ್ಲ ತುಳುವಿನಲ್ಲಿ. ನನ್ನ ಭಾಷಣದ ಕನ್ನಡ ಅವರ ತಲೆಯ ಮೇಲಿಂದ ಹಾರಿ ಹೋಗುತ್ತಿತ್ತು. “ನೀನು ಹೇಳುವುದು ರೇಡಿಯೊ ವಾರ್ತೆಯ ಹಾಗೆ ಕೇಳ್ತದೆ. ತುಳುವಿನಲ್ಲಿ ಹೇಳು ನೋಡುವ” ಎಂದರು ಅಜ್ಜಿ.

ಸರಿ ಎಂದು ಒಂದೊಂದೇ ವಾಕ್ಯವನ್ನು ತುಳುವಿಗೆ ತಿರುಗಿಸುತ್ತಾ ಹೋದೆ. ‘ನಾವು ಬ್ರಿಟಿಷರ ವಿರುದ್ಧ ಹೋರಾಡಿದೆವು’ ಎಂಬುದು ಸಲೀಸಾಗಿ ಬಂತು. ‘ನಾವು ಸ್ವತಂತ್ರರಾದೆವು’ ಕೂಡ ಬಂತು. ಎರಡನೇ ಪುಟದಲ್ಲಿ ಒಂದು ವಾಕ್ಯವಿತ್ತು: ‘ನಾವು ಸಹಿಷ್ಣುಗಳು, ಎಲ್ಲ ಧರ್ಮದವರಿಗೂ ನಾವು ಈ ಮಣ್ಣಿನಲ್ಲಿ ಜಾಗ ಕೊಟ್ಟೆವು.’ ಅಲ್ಲಿ ನಾಲಿಗೆ ಸಿಕ್ಕಿಹಾಕಿಕೊಂಡಿತು.

ಎರಡು ‘ನಾವು’

ತುಳು ಗೊತ್ತಿಲ್ಲದವರಿಗೆ ಇಲ್ಲೊಂದು ವಿಷಯ ಹೇಳಬೇಕು. ಕನ್ನಡದಲ್ಲಿ ನಮಗೆ ಇರುವುದು ಒಂದೇ ‘ನಾವು’. ತುಳುವಿನಲ್ಲಿ ಎರಡಿವೆ. ಮಾತು ಕೇಳುತ್ತಿರುವವರನ್ನೂ ಸೇರಿಸಿಕೊಂಡು ಹೇಳಿದರೆ ‘ನಮ’. ಕೇಳುತ್ತಿರುವವರನ್ನು ಬಿಟ್ಟು ಹೇಳಿದರೆ ‘ಎಂಕುಲು’. ಸಂತೆಗೆ ಹೋಗುವಾಗ ನಿಮ್ಮನ್ನೂ ಕರೆಯುವುದಾದರೆ ‘ನಮ’ ಎನ್ನಬೇಕು. ನಿಮ್ಮನ್ನು ಬಿಟ್ಟು ನಾವು ಮನೆಯವರಷ್ಟೇ ಹೋಗುವುದಾದರೆ ‘ಎಂಕುಲು’ ಎನ್ನಬೇಕು. ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’, ತೆಲುಗಿನಲ್ಲಿ ‘ಮನಂ’ ಮತ್ತು ‘ಮೇಮು’, ಮರಾಠಿಯಲ್ಲಿ ‘ಆಪಣ್’ ಮತ್ತು ‘ಆಮ್ಹಿ’ ಹೀಗೇ ಕೆಲಸ ಮಾಡುತ್ತವೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಈ ಭೇದವಿಲ್ಲ. ಅಲ್ಲಿ ‘ನಾವು’ ಎಂದವನು ನಿಮ್ಮನ್ನು ಒಳಗಿಟ್ಟನೋ ಹೊರಗಿಟ್ಟನೋ ಎಂಬುದನ್ನು ನೀವೇ ಊಹಿಸಿಕೊಳ್ಳಬೇಕು.

ನನ್ನ ವಾಕ್ಯಕ್ಕೆ ‘ನಮ’ ಹೊಂದುತ್ತಿರಲಿಲ್ಲ. ಪಕ್ಕದ ಮನೆಯಜ್ಜಿಯೂ ‘ನಾವು’ ಆದರೆ ನಾವೆಲ್ಲ ಸೇರಿ ಜಾಗ ಕೊಟ್ಟದ್ದು ಯಾರಿಗೆ? ವಾಕ್ಯ ನಿಲ್ಲಬೇಕಾದರೆ ‘ಎಂಕುಲು’ ಎನ್ನಲೇಬೇಕು. ಅಂದರೆ ಎದುರಿಗೆ ಕೂತ ಆ ಹೆಂಗಸಿಗೆ, ‘ನೀವಲ್ಲದ ನಾವು, ನಿಮಗೆ ಇಲ್ಲಿರಲು ಜಾಗ ಕೊಟ್ಟೆವು’ ಎಂದು ಮುಖಕ್ಕೆ ಹೇಳಿದ ಹಾಗೆ. ಯೋಚಿಸುವಷ್ಟರಲ್ಲಿ ‘ಎಂಕುಲು’ ಬಾಯಿಂದ ಹೊರಟೇ ಹೋಯಿತು.

“ಎಂಕುಲು ಪಂಡ ಏರ್ ಪೂರಾ?” ಎಂದು ಕೇಳಿದರು ಅಜ್ಜಿ. ‘ನಾವು’ ಅಂದರೆ ಯಾರ್ಯಾರು?

ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದ ಮನೆಯಜ್ಜಿ ನೂಲು ಕಡಿದು ಮುಂದಿನ ಎಲೆಗೆ ಕೈಹಾಕಿದರು. “ಬರೆದದ್ದನ್ನು ಬರೆದ ಹಾಗೇ ಓದು ಮಗಾ, ಬಹುಮಾನ ಬರ್ತದೆ” ಎಂದರು. ನಾನು ಹಾಗೇ ಓದಿದೆ. ಎರಡನೇ ಬಹುಮಾನವೂ ಬಂತು. ಸಭೆಯಲ್ಲಿ ಜೋರಾಗಿ ಚಪ್ಪಾಳೆ ಬಿದ್ದದ್ದು ಅದೇ ವಾಕ್ಯಕ್ಕೆ. ಬಹುಮಾನದ ಸ್ಟೀಲ್ ಬುತ್ತಿಯನ್ನು ಅವರಿಗೂ ತೋರಿಸಿದೆ. “ಗಟ್ಟಿ ಉಂಟು, ಒಳ್ಳೇದು” ಎಂದರು. ಬೇರೇನೂ ಹೇಳಲಿಲ್ಲ.

ನಿಜವಾಗಿ ಜಾಗ ಕೊಟ್ಟವರು ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಕಡೆಯ ಮಕ್ಕಳೆಲ್ಲ ಕೇಳಿ ಬೆಳೆಯುವ ಐತಿಹ್ಯವೊಂದಿದೆ: ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ವ್ಯಾಪಾರಿ. ಆ ಕತೆಯನ್ನೂ ಬಲ್ಲೆ, ಈ ಭಾಷಣವನ್ನೂ ಬರೆದೆ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಕೂತಿದ್ದವು. ‘ನಾವು’ ಎಂಬ ಸಣ್ಣ ಮಾತು ಅಷ್ಟು ಸುಲಭವಾಗಿ ನಮ್ಮನ್ನು ಮರೆಸುತ್ತದೆ.

ಕೊಟ್ಟವರೂ ನಾವೇ, ಪಡೆದವರೂ ನಾವೇ

ಮುಂದಿನ ವರ್ಷ ಪದವಿಗೆ ಸೇರಿದೆ. 2023ರ ಸೆಪ್ಟೆಂಬರ್ 15ರಂದು ರಾಜ್ಯದೆಲ್ಲೆಡೆ ಸಂವಿಧಾನದ ಪ್ರಸ್ತಾವನೆಯನ್ನು ಒಟ್ಟಾಗಿ ಓದುವ ಕಾರ್ಯಕ್ರಮವಿತ್ತು. ಸಾಲಿನಲ್ಲಿ ನಿಂತು ಓದುವಾಗ ಮೊದಲ ಮಾತುಗಳಲ್ಲೇ ‘ನಾವು’ ಬಂತು. ಅಭ್ಯಾಸಬಲದಿಂದ ಮನಸ್ಸಿನಲ್ಲೇ ತುಳುವಿಗೆ ತಿರುಗಿಸಿ ನೋಡಿದೆ. ಈ ಸಲ ನಾಲಿಗೆ ಸಿಕ್ಕಿಕೊಳ್ಳಲಿಲ್ಲ. ಅಲ್ಲಿ ‘ನಮ’ ಮಾತ್ರ ಹೊಂದುತ್ತದೆ. ಪ್ರಸ್ತಾವನೆ ಹೇಳುವುದು ಇಷ್ಟು: ಭಾರತದ ಜನ ಈ ಸಂವಿಧಾನವನ್ನು ತಮಗೆ ತಾವೇ ಕೊಟ್ಟುಕೊಂಡಿದ್ದಾರೆ. ಕೊಟ್ಟವರೂ ನಾವು, ಪಡೆದವರೂ ನಾವು. ಮೊದಲೇ ಮನೆಯೊಳಗಿದ್ದು ಬಾಗಿಲು ತೆರೆದ ಯಜಮಾನರೂ ಅಲ್ಲಿಲ್ಲ, ಹೊಸ್ತಿಲಲ್ಲಿ ನಿಂತ ಅತಿಥಿಗಳೂ ಇಲ್ಲ. ನನ್ನ ಭಾಷಣದ ವಾಕ್ಯಕ್ಕೂ ಪ್ರಸ್ತಾವನೆಯ ವಾಕ್ಯಕ್ಕೂ ಇರುವ ಅಂತರ ಇದೇ.

ಆ ‘ನಾವು’ ತಾನಾಗಿ ಒದಗಿ ಬಂದದ್ದಲ್ಲ, ಒಂದೊಂದು ಪದಕ್ಕೂ ವಾದ ನಡೆದಿದೆ. ಸಂವಿಧಾನ ಸಭೆಯ ಚರ್ಚೆಗಳನ್ನು ಯಾರು ಬೇಕಾದರೂ ಓದಬಹುದು. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆ ಚರ್ಚೆಗೆ ಬಂದಾಗ ಎಚ್.ವಿ. ಕಾಮತ್ ಅವರು ಅದು ದೇವರ ಹೆಸರಿನಲ್ಲಿ ಆರಂಭವಾಗಬೇಕು ಎಂಬ ತಿದ್ದುಪಡಿ ತಂದರು. ಸಭೆಯಲ್ಲಿ ಬಹುಪಾಲು ಆಸ್ತಿಕರೇ ಇದ್ದರು. ಆದರೂ ಹೃದಯನಾಥ ಕುಂಜ್ರು ಅವರಂಥವರು ಅದನ್ನು ವಿರೋಧಿಸಿದರು. ಎಲ್ಲರ ಪರವಾಗಿ ಆಡುವ ಮಾತಿನಲ್ಲಿ ಕೆಲವರ ನಂಬಿಕೆಯನ್ನು ಉಳಿದವರ ಮೇಲೆ ಹೇರಬಾರದು ಎಂಬುದು ಅವರ ಕಾಳಜಿ. ತಿದ್ದುಪಡಿಯನ್ನು ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ದೇವರನ್ನು ನಂಬುವವರೇ, ನಂಬದವನೊಬ್ಬ ‘ನಾವು’ ಎಂಬುದರಿಂದ ಹೊರಗುಳಿಯಬಾರದು ಎಂದು ಕೈ ಎತ್ತಿದ್ದರು. ಅದನ್ನು ಓದಿದ ದಿನ ನನಗೆ ಆ ಸಭೆಯ ಮೇಲೆ ಗೌರವ ಹೆಚ್ಚಾಯಿತು.

ಅದಕ್ಕಿಂತ ತಿಂಗಳ ಹಿಂದೆ, ಸೆಪ್ಟೆಂಬರ್ 18ರಂದು ದೇಶದ ಹೆಸರಿನ ಮೇಲೆ ಚರ್ಚೆಯಾಗಿತ್ತು. ‘ಇಂಡಿಯಾ’ ಮೊದಲೋ ‘ಭಾರತ’ ಮೊದಲೋ ಎಂದು ಗಂಟೆಗಟ್ಟಲೆ ವಾದಿಸಿ, ಕೊನೆಗೆ ಎರಡನ್ನೂ ಒಂದನೇ ವಿಧಿಯಲ್ಲಿ ಉಳಿಸಿಕೊಂಡರು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1949ರ ನವೆಂಬರ್ 25ರಂದು ಅಂಬೇಡ್ಕರ್ ಮಾಡಿದ ಭಾಷಣ. ಹಿಂದೆ ರಾಜಕೀಯದಲ್ಲಿ ಆಸಕ್ತಿಯಿದ್ದ ಭಾರತೀಯರಿಗೆ ‘ಭಾರತದ ಜನ’ ಎಂಬ ಮಾತು ಹಿಡಿಸುತ್ತಿರಲಿಲ್ಲ, ‘ಭಾರತ ರಾಷ್ಟ್ರ’ ಎನ್ನುವುದೇ ಇಷ್ಟವಾಗಿತ್ತು ಎಂದು ಅವರು ನೆನಪಿಸಿಕೊಂಡರು. ಸಾವಿರಾರು ಜಾತಿಗಳಾಗಿ ಒಡೆದುಹೋದ ಜನ ರಾಷ್ಟ್ರವಾಗುವುದು ಹೇಗೆ ಎಂದು ಕೇಳಿದರು. ನಾವು ಇನ್ನೂ ರಾಷ್ಟ್ರವಾಗಿಲ್ಲ ಎಂದು ಬೇಗ ಅರಿತಷ್ಟೂ ಒಳ್ಳೆಯದು, ಆಗ ಮಾತ್ರ ರಾಷ್ಟ್ರವಾಗುವ ದಾರಿ ಹುಡುಕುತ್ತೇವೆ ಎಂಬುದು ಅವರ ಮಾತಿನ ಸಾರ. ನೆಹರೂ 1946ರ ಡಿಸೆಂಬರಿನಲ್ಲಿ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಇಲ್ಲದ ‘ಭ್ರಾತೃತ್ವ’ ಪ್ರಸ್ತಾವನೆಗೆ ಬಂದದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯಿಂದ. ‘ನಾವು’ ಎಂದು ಬರೆದರೆ ಸಾಲದು, ಹಾಗೆ ಅನಿಸಲೂ ಬೇಕು ಎಂದು ಅವರಿಗೆ ಗೊತ್ತಿತ್ತು.

ಯಾರ ಎದುರು ಹೇಳಿದ ‘ನಾವು’?

ಹಾಗಾದರೆ ‘ಎಂಕುಲು’ ಎನ್ನುವುದೇ ತಪ್ಪೇ? ಹಾಗೇನಿಲ್ಲ. 1942ರ ಚಲೇಜಾವ್ ಚಳವಳಿಯ ಕಾಲಕ್ಕೆ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರನ್ನು ಸ್ವತಂತ್ರವೆಂದು ಘೋಷಿಸಿಕೊಂಡರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಅವರ ಘೋಷಣೆ ನಮಗೆಲ್ಲ ಗೊತ್ತು. ಅಲ್ಲಿ ‘ನಾವು’ ಎಂಬ ಪದ ಕಾಣುವುದಿಲ್ಲ. ಅದು ‘ಕೊಡೆವು’ ಎಂಬ ಕ್ರಿಯಾಪದದ ಬಾಲದಲ್ಲಿ ಅಡಗಿದೆ. ಆ ‘ನಾವು’ ಒಂದು ಸಣ್ಣ ಹಳ್ಳಿಯದು, ಕೇಳುವವರನ್ನು ಹೊರಗಿಟ್ಟೇ ಹೇಳಿದ್ದು. ಆದರೆ ಅದನ್ನು ಕೇಳಬೇಕಾಗಿದ್ದವರು ಅಧಿಕಾರದಲ್ಲಿದ್ದವರು. ಹೇಳಿದವರಲ್ಲಿ ಐವರು 1943ರಲ್ಲಿ ನೇಣುಗಂಬ ಏರಿದರು. ಮೇಲಿನವರ ಕಡೆ ತಿರುಗಿ ‘ನಾವು’ ಎನ್ನುವುದಕ್ಕೆ ಧೈರ್ಯ ಬೇಕು. ಪಕ್ಕದಲ್ಲಿ ಕೂತವರ ಕಡೆ ತಿರುಗಿ ‘ನಾವು’ ಎನ್ನುವುದಕ್ಕೆ ಮೈಕು ಇದ್ದರೆ ಸಾಕು.

‘ದಲಿತ’ ಎಂಬ ಪದವನ್ನೂ ಹೀಗೇ ನೋಡಬಹುದು. ‘ಹರಿಜನ’ ಎಂದು ಗಾಂಧೀಜಿ ಪ್ರೀತಿಯಿಂದಲೇ ಕರೆದರು. ಆದರೂ ಅದು ಬೇರೆಯವರು ಇಟ್ಟ ಹೆಸರು. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. 1970ರ ದಶಕದಲ್ಲಿ ಮಹಾರಾಷ್ಟ್ರದಲ್ಲಿ ದಲಿತ ಪ್ಯಾಂಥರ್ಸ್, ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ ‘ದಲಿತ’ ಎಂಬುದು ಆ ಜನ ತಮಗೆ ತಾವೇ ಇಟ್ಟುಕೊಂಡ ಹೆಸರಾಯಿತು. ಎಲ್ಲರ ‘ನಾವು’ ಎಂಬುದರೊಳಗೆ ತಮ್ಮ ದನಿ ಕೇಳದಿದ್ದಾಗ ಜನ ತಮ್ಮದೇ ‘ನಾವು’ ಕಟ್ಟಿಕೊಳ್ಳುತ್ತಾರೆ. ಅದನ್ನು ಒಡಕು ಎಂದು ಬೈಯುವ ಮೊದಲು, ನಮ್ಮ ದೊಡ್ಡ ‘ನಾವು’ ಅವರನ್ನು ಎಲ್ಲಿ ನಿಲ್ಲಿಸಿತ್ತು ಎಂದು ಕೇಳಿಕೊಳ್ಳಬೇಕು.

ಘೋಷಣೆಗಳಲ್ಲೂ ದೇಶ ಯಾರನ್ನು ನೋಡುತ್ತಿದೆ ಎಂಬುದು ಕಾಣುತ್ತದೆ. 1965ರಲ್ಲಿ ಗಡಿಯಲ್ಲಿ ಯುದ್ಧ, ಒಳಗೆ ಆಹಾರದ ಕೊರತೆ. ಲಾಲ್ ಬಹಾದ್ದೂರ್ ಶಾಸ್ತ್ರಿ ‘ಜೈ ಜವಾನ್ ಜೈ ಕಿಸಾನ್’ ಎಂದರು. ಅದುವರೆಗೆ ದೇಶವೆಂದರೆ ಭೂಪಟ, ಧ್ವಜ, ತಾಯಿ ಎಂದು ಕೇಳಿದ್ದವರಿಗೆ ದೇಶವೆಂದರೆ ಬಂದೂಕು ಹಿಡಿದ ಸೈನಿಕ ಮತ್ತು ನೇಗಿಲು ಹಿಡಿದ ರೈತ ಎಂದೂ ಕೇಳಿಸಿತು. 1998ರ ಅಣುಪರೀಕ್ಷೆಯ ನಂತರ ವಾಜಪೇಯಿ ‘ಜೈ ವಿಜ್ಞಾನ್’ ಸೇರಿಸಿದರು. ಬೀಡಿ ಬ್ರಾಂಚಿಗೆ ಕಟ್ಟು ಹೊತ್ತುಕೊಂಡು ಹೋಗುವ ನನ್ನ ಅಜ್ಜಿಯಂಥವರು ಇನ್ನೂ ಯಾವ ಘೋಷಣೆಯೊಳಗೂ ಬಂದಿಲ್ಲ.

ಒಂದು ಪದ ಜಾರಿದಾಗ

ಪದ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ನೋಡಿ. ಬ್ರಿಟಿಷರು 1870ರಲ್ಲಿ ದಂಡ ಸಂಹಿತೆಗೆ 124ಎ ಕಲಂ ಸೇರಿಸಿದರು. ಸರ್ಕಾರದ ವಿರುದ್ಧ ಅಸಮಾಧಾನ ಹುಟ್ಟಿಸುವುದು ಅಪರಾಧವಾಯಿತು. ಕನ್ನಡದಲ್ಲಿ ಅದನ್ನು ‘ರಾಜದ್ರೋಹ’ ಎಂದರು. ಅದೇ ಕಲಂ ಅಡಿಯಲ್ಲಿ 1908ರಲ್ಲಿ ತಿಲಕರಿಗೆ, 1922ರಲ್ಲಿ ಗಾಂಧೀಜಿಗೆ ಆರಾರು ವರ್ಷಗಳ ಶಿಕ್ಷೆಯಾಯಿತು. ಗಾಂಧೀಜಿಯಂತೂ ನ್ಯಾಯಾಲಯದಲ್ಲಿ ಆರೋಪ ಒಪ್ಪಿಕೊಂಡೇಬಿಟ್ಟರು. ರಾಜನ ಮೇಲೆ ಮುನಿಸಿಕೊಂಡವರನ್ನು ಜನ ದೇಶಪ್ರೇಮಿಗಳೆಂದು ಕರೆದರು. ರಾಜ ಬೇರೆ, ದೇಶ ಬೇರೆ ಎಂಬುದು ಅವತ್ತಿನ ಹಳ್ಳಿಯವರಿಗೂ ಸ್ಪಷ್ಟವಿತ್ತು.

ಈಗ ಆ ಕಲಂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯಗಳ ಬಗ್ಗೆ ಮಾತಾಡುತ್ತದೆ. ಕಾನೂನಿನ ವಿಚಾರ ವಕೀಲರು ನೋಡಿಕೊಳ್ಳಲಿ. ನಮ್ಮ ಮಾತಿನ ಕತೆ ಬೇರೆಯೇ ಇದೆ. ‘ರಾಜದ್ರೋಹ’ ಎಂಬ ಪದ ಆಡುಮಾತಿನಲ್ಲಿ ಯಾವತ್ತೋ ‘ದೇಶದ್ರೋಹ’ ಆಗಿ ಜಾರಿಹೋಗಿತ್ತು. ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಪರೀಕ್ಷಾ ಶುಲ್ಕ ಹೆಚ್ಚಾದದ್ದನ್ನು ಪ್ರಶ್ನಿಸಿದ ಸಹಪಾಠಿಯೊಬ್ಬನಿಗೆ ಮೂರನೇ ಸಂದೇಶದಲ್ಲೇ ‘ದೇಶದ್ರೋಹಿ’ ಎಂಬ ಬಿರುದು ಸಿಕ್ಕಿತ್ತು. ತಮಾಷೆಗೇ ಇರಬಹುದು. ಆದರೆ ಸರ್ಕಾರ, ಪಕ್ಷ, ದೇಶ ಮೂರೂ ಒಂದೇ ಪದವಾದಾಗ ಪ್ರಶ್ನೆ ಕೇಳಿದವನು ಸೀದಾ ‘ನಾವು’ ಎಂಬುದರಿಂದ ಹೊರಬೀಳುತ್ತಾನೆ. ಈ ರೋಗ ಒಂದು ಪಕ್ಷದ್ದಲ್ಲ. ಅಧಿಕಾರದಲ್ಲಿ ಯಾರಿದ್ದರೂ ತಮ್ಮನ್ನು ಟೀಕಿಸಿದರೆ ನಾಡಿಗೆ ಅವಮಾನ ಎನ್ನುವುದು ಹೊಸತೇನಲ್ಲ.

‘ರಾಷ್ಟ್ರಭಾಷೆ’ಯ ಕತೆಯೂ ಇಂಥದ್ದೇ. ನನ್ನ ನಾಲ್ಕು ಪುಟದ ಭಾಷಣದಲ್ಲಿ ‘ನಮ್ಮ ರಾಷ್ಟ್ರಭಾಷೆ ಹಿಂದಿ’ ಎಂದೂ ಬರೆದಿದ್ದೆ. ಸಂವಿಧಾನದಲ್ಲಿ ಯಾವ ಭಾಷೆಗೂ ಆ ಪಟ್ಟವಿಲ್ಲ. 343ನೇ ವಿಧಿ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆ ಎನ್ನುತ್ತದೆ, ಅಷ್ಟೇ. ಎಂಟನೇ ಪರಿಚ್ಛೇದದಲ್ಲಿ ಆರಂಭದಲ್ಲಿ 14 ಭಾಷೆಗಳಿದ್ದವು, ಕನ್ನಡವೂ ಅವುಗಳಲ್ಲೊಂದು. ಈಗ 22 ಇವೆ. ನನಗೆ ಎರಡು ‘ನಾವು’ ಕಲಿಸಿದ ತುಳು ಅದರಲ್ಲಿಲ್ಲ. ಕಾನೂನು ಹೇಳದ ಮಾತನ್ನು ಒಂದು ಪದ ಹೇಳಿಬಿಡುತ್ತದೆ, ನನ್ನಂಥವರು ಅದನ್ನು ವೇದಿಕೆಯಲ್ಲಿ ನಿಂತು ಹಂಚಿ ಬರುತ್ತೇವೆ.

ಹೆಸರು ಹಿಗ್ಗಿಸಿಕೊಂಡ ನಾಡು

ಮಾತು ಹೊರಗಿಡುವ ಹಾಗೆಯೇ ಒಳಗೂ ಕರೆದುಕೊಳ್ಳಬಲ್ಲದು. ಅದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 1956ರ ನವೆಂಬರ್ 1ರಂದು ಕನ್ನಡದ ಪ್ರದೇಶಗಳು ಒಂದಾದಾಗ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಧಾರವಾಡದವರಿಗೆ, ಕಲಬುರಗಿಯವರಿಗೆ, ಕರಾವಳಿಯವರಿಗೆ ಆ ಹೆಸರಿನಲ್ಲಿ ತಾವು ಕಾಣಲಿಲ್ಲ. ಮೈಸೂರಿನ ಹಲವರಿಗೆ ಆ ಹೆಸರು ಬಿಡಲು ಮನಸ್ಸಿರಲಿಲ್ಲ. 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯ ‘ಕರ್ನಾಟಕ’ವಾಯಿತು. ಅರಸು ಅವರು ಸ್ವತಃ ಹಳೆಯ ಮೈಸೂರಿನವರು. ಯಾರ ಮನೆಯೂ ಯಾರ ಗದ್ದೆಯೂ ಬದಲಾಗಲಿಲ್ಲ. ಒಂದು ಹೆಸರು ಬದಲಾಗಿ ‘ನಾವು’ ಸ್ವಲ್ಪ ದೊಡ್ಡದಾಯಿತು.

ನನ್ನ ಅಜ್ಜಿ ಹುಟ್ಟಿದ್ದು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ. ಪಕ್ಕದ ಮನೆಯಜ್ಜಿಯ ತವರು ಕಾಸರಗೋಡು. ಆಗ ಅದೂ ಇದೇ ಜಿಲ್ಲೆ. 1956ರಲ್ಲಿ ಒಬ್ಬರ ತವರು ಮೈಸೂರು ರಾಜ್ಯಕ್ಕೆ, ಇನ್ನೊಬ್ಬರ ತವರು ಕೇರಳಕ್ಕೆ ಹೋಯಿತು. ಒಂದೇ ಜಿಲ್ಲೆಯ ಎರಡು ಮಕ್ಕಳು ಎರಡು ರಾಜ್ಯದವರಾದರು, ಮದುವೆಯಾಗಿ ಮತ್ತೆ ಒಂದೇ ಜಗಲಿಗೆ ಬಂದರು. ಇವರಲ್ಲಿ ಯಾರು ಯಾರಿಗೆ ಜಾಗ ಕೊಟ್ಟದ್ದು ಎಂದು ಈಗ ಕೇಳಿದರೆ ನನಗೆ ನಗು ಬರುತ್ತದೆ. ಆವತ್ತು ನಾನು ಅದನ್ನೇ ಮೈಕಿನಲ್ಲಿ ಹೇಳಿ ಬುತ್ತಿ ಗೆದ್ದಿದ್ದೆ.

ಎದುರಿಗೆ ಕೂರಿಸಿಕೊಂಡು ಹೇಳಿ

ರಾಜಕೀಯದ ಮಾತು ನಾಯಕರಷ್ಟೇ ಆಡುವಂಥದ್ದು ಎಂದು ನಾನು ನಂಬಿದ್ದೆ. ಅದನ್ನು ದಿನವೂ ಆಡುವವರು ನಾವು: ಭಾಷಣ ಸ್ಪರ್ಧೆಯಲ್ಲಿ, ಸ್ಟೇಟಸ್ಸಿನಲ್ಲಿ, ಕ್ರಿಕೆಟ್ ಪಂದ್ಯದ ರಾತ್ರಿ, ಬಸ್ಸಿನ ಕೊನೆಯ ಸೀಟಿನಲ್ಲಿ. ಮೈದಾನದಲ್ಲಿ ಸೇರಿದ ಸಾವಿರ ಜನರಿಗೆ ‘ನಾವು’ ಎಂದರೆ ಎಲ್ಲರಿಗೂ ಮೈ ಜುಮ್ಮೆನ್ನುತ್ತದೆ. ಏಕೆಂದರೆ ಹೊರಗಿಟ್ಟವರು ಆ ಮೈದಾನದಲ್ಲಿ ಇರುವುದಿಲ್ಲ. ಅವರು ಇದ್ದಿದ್ದರೆ ಎಷ್ಟೋ ಮಾತುಗಳು ಗಂಟಲಲ್ಲೇ ನಿಲ್ಲುತ್ತಿದ್ದವು.

ಹಾಗಾಗಿ ನಾನೊಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ‘ನಾವು’ ಎಂದು ಬರೆದಾಗಲೆಲ್ಲ, ಆ ವಾಕ್ಯ ಯಾರ ಬಗ್ಗೆ ಇದೆಯೋ ಅವರು ಎದುರಿಗೆ ಕೂತಿದ್ದಾರೆ ಎಂದುಕೊಂಡು ಓದುತ್ತೇನೆ. ತುಳು ಬಾರದವರೂ ಇದನ್ನು ಮಾಡಬಹುದು. ಕೆಲವು ವಾಕ್ಯಗಳು ಹಾಗೇ ಉಳಿಯುತ್ತವೆ, ಕೆಲವನ್ನು ಅಳಿಸಬೇಕಾಗುತ್ತದೆ. ನೀವೂ ಒಮ್ಮೆ ಪ್ರಯತ್ನಿಸಿ ನೋಡಿ.

ಕಳೆದ ಆಗಸ್ಟಿನಲ್ಲಿ ನನ್ನ ತಮ್ಮನ ಸರದಿ ಬಂತು. ಅವನ ಶಾಲೆಯಲ್ಲೂ ಭಾಷಣ ಸ್ಪರ್ಧೆ. ನನ್ನ ಹಳೆಯ ನಾಲ್ಕು ಪುಟ ಕೊಡು ಎಂದ. ಕೊಟ್ಟೆ, ಎರಡನೇ ಪುಟದ ಆ ವಾಕ್ಯ ಹೊಡೆದುಹಾಕಿ ಕೊಟ್ಟೆ. ರಾಷ್ಟ್ರಭಾಷೆಯ ಸಾಲೂ ಹೋಯಿತು. ಎರಡೂ ಹೋದ ಮೇಲೆ ಇನ್ನಷ್ಟು ವಾಕ್ಯಗಳು ಸಡಿಲವಾಗಿ ಕಂಡವು, ಅವನ್ನೂ ತೆಗೆದೆವು. ಸಂಜೆ ಜಗಲಿಯಲ್ಲಿ ಅವನು ಇಬ್ಬರು ಅಜ್ಜಿಯಂದಿರ ಎದುರು ನಿಂತು ಓದಿದ, ಆಮೇಲೆ ತುಳುವಿನಲ್ಲೂ ಹೇಳಿದ. ಎಲ್ಲೂ ತಡವರಿಸಲಿಲ್ಲ.

ಪಕ್ಕದ ಮನೆಯಜ್ಜಿಗೆ ಈಗ ಕಣ್ಣು ಮಂಜು, ದಿನಕ್ಕೆ ಮೊದಲಿನಷ್ಟು ಬೀಡಿ ಕಟ್ಟಲಾಗುವುದಿಲ್ಲ. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, “ನಿನ್ನ ಭಾಷಣಕ್ಕಿಂತ ಇವನದ್ದು ಗಿಡ್ಡ ಆಯ್ತಲ್ಲ” ಎಂದು ನನ್ನ ಕಡೆ ನೋಡಿದರು. “ಆದರೂ ಅಡ್ಡಿಯಿಲ್ಲ. ಇನ್ನೊಂದು ಸಲ ಹೇಳಲಿ.”